ನಾಲ್ಕನೆಯ ಬುಟ್ಟಿಯ ಕೌಲು

೧೯೮೨ ಡಿಸೆಂಬರ್ ೧, ಬುಧವಾರ

ಖಾನಾಪುರದ ಸಮಸ್ತ ಪ್ರಜೆಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಹೈಸ್ಕೂಲಿನ ಹಿಂದಿನ ಬಯಲಿನಲ್ಲಿ ಇಂದು ಮುಂಜಾನೆ ಆರು ಬುಟ್ಟಿಗಳು ನೆಲೆಗೊಂಡಿವೆ. ನೆಲೆಗೊಳಿಸಿದವರು ಡ್ರಿಲ್ ಮಾಸ್ತರರಾದ ಶ್ರೀ ದುಂಡಪ್ಪನವರು. ಕಂಬ ನೆಟ್ಟವರು ಒಂಬತ್ತನೆಯ ಇಯತ್ತೆಯ ಹುಡುಗರು. ಒಂದೂ ಕಂಬ ನೆಡದೆ, ನೆರಳಿನಲ್ಲಿ ಕುಳಿತು, ಅವರಿಗೆ ಅಮೂಲ್ಯ ಮಾರ್ಗದರ್ಶನ ನೀಡಿದವನು ಸಿದರಾಯ, ಅಂದರೆ ಈ ದಿನಚರಿಯ ಕರ್ತೃ.

ಮಾಸ್ತರರ ಮೈದುನ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಅವನು ಯಾವುದೋ ದೇಶದಿಂದ ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಚಕ್ರವನ್ನೂ ಅದನ್ನು ಆಡುವ ಚಿತ್ರಗಳನ್ನೂ ತಂದುಕೊಟ್ಟಿದ್ದಾನೆ. ಚಿತ್ರದಲ್ಲಿರುವುದು ಕಬ್ಬಿಣದ ಬುಟ್ಟಿ, ಅದರ ಮೇಲೆ ಹೊಳೆಯುವ ಸರಪಳಿ. ನಮ್ಮದು ಬಿದಿರಿನ ಬುಟ್ಟಿ, ಅದರ ಮೇಲೆ ತುಕ್ಕು ಹಿಡಿದ ಸೈಕಲ್ ಚೈನುಗಳು. ಗೆರೆಯ ಮೇಲೆ ನಿಂತು ಚಕ್ರ ಎಸೆಯಬೇಕು. ಅದು ಬಿದ್ದಲ್ಲಿಗೆ ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು. ಚೈನಿಗೆ ಬಡಿದು ಬುಟ್ಟಿಯೊಳಗೆ ಬಿದ್ದರೆ ಮುಂದಿನ ಬುಟ್ಟಿಗೆ ಹೋಗಬೇಕು. ಕಡಿಮೆ ಎಸೆತದಲ್ಲಿ ಆರನ್ನೂ ಮುಗಿಸಿದವನು ಗೆದ್ದ.

"ಇದು ಹೊಸದಾಗಿ ಕಲಿಯೋರ ಸಲುವಾಗಿ ಮಾಡಿದ್ದು. ದೂರ ಇಲ್ಲ, ದಮ್ಮು ಬೇಕಾಗಿಲ್ಲ. ಸಣ್ಣ ಹುಡುಗೂರೂ ಆಡಬೇಕು, ನಮ್ಮ ಹೆಡ್ ಮಾಸ್ತರೂ ಆಡಬೇಕು" ಎಂದರು ಮಾಸ್ತರರು. ಹೆಡ್ ಮಾಸ್ತರರು ಮೊದಲ ಚಕ್ರ ಎಸೆದು ಉದ್ಘಾಟನೆ ನೆರವೇರಿಸಿದರು. ಅದು ಮುಂದೆ ಹೋಗುವುದನ್ನು ಬಿಟ್ಟು ಹಿಂದಕ್ಕೆ ಹೋಗಿ ಜವಾನನ ಟೊಪ್ಪಿಗೆ ಹಾರಿಸಿತು. ಅಖಂಡ ಚಪ್ಪಾಳೆ.

ಅವ್ವ ರೊಟ್ಟಿ ಅರ್ಧಕ್ಕೇ ಬಿಟ್ಟಳು. ಹೊಟ್ಟೆ ತುಂಬಿತಂತೆ.

ಡಿಸೆಂಬರ್ ೪, ಶನಿವಾರ

ಮಾಸ್ತರರು ಚಕ್ರದ ಗುಟ್ಟು ಹೇಳಿಕೊಟ್ಟರು. ಎಲ್ಲರಿಗೂ ಹೇಳಿದರು, ಆದರೆ ಕೇಳಿಸಿಕೊಂಡವನು ನಾನೊಬ್ಬನೇ. ಎದೆಯ ಮುಂದಿನಿಂದ ಬೀಸಿ ಎಸೆದರೆ ಚಕ್ರ ನೆಟ್ಟಗೆ ಹೋಗಿ, ದಣಿದ ಮೇಲೆ ಎಡಕ್ಕೆ ವಾಲಿ ಬೀಳುತ್ತದೆ. ಬಾಜುವಿಗೆ ಹಿಡಿದು, ಅಂಗೈ ಆಕಾಶಕ್ಕೆ ಮಾಡಿ ಚಿಮ್ಮಿದರೆ ಬಲಕ್ಕೆ ವಾಲುತ್ತದೆ. ಬಲಗೈಯವರೆಲ್ಲರಿಗೂ ಇದೇ ಕಾಯಿದೆ.

ಈ ಜ್ಞಾನ ವ್ಯರ್ಥವಾಗಬಾರದೆಂದು ಮಧ್ಯಾಹ್ನದ ಸೂಟಿಯಲ್ಲಿ ನಾನು ಒಂದು ದೇವಸ್ಥಾನ ಸ್ಥಾಪಿಸಿದೆ. ಮಾವಿನ ಮರದ ಕೆಳಗಿನ ನಾಲ್ಕನೆಯ ಬುಟ್ಟಿಯೇ ದೇವರು, ನಾನೇ ಪೂಜಾರಿ. ನಮ್ಮ ಕಡೆ ದೇವಿಗೆ ಕೌಲು ಹಚ್ಚುತ್ತಾರಲ್ಲ, ಹಾಗೆ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ದೇವಿ 'ಹೂಂ' ಅಂದಳು, ಎಡಗಡೆಯದು ಬಿದ್ದರೆ 'ಊಹೂಂ'. ಹೊಲ ಕೊಳ್ಳಲಿ, ಹೆಣ್ಣು ಕೊಡಲಿ, ಅದನ್ನು ಕೇಳದೆ ನಮ್ಮ ಆಯಿ (ಅಪ್ಪನ ತಾಯಿ, ಮಾಯಕ್ಕ) ಒಂದು ಹೆಜ್ಜೆ ಇಡುವವಳಲ್ಲ. ನನ್ನ ದೇವಸ್ಥಾನದಲ್ಲಿ ಹೂವಿನ ಬದಲು ಚಕ್ರ. ಬುಟ್ಟಿಯ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಎಸೆಯುವ ಅಧಿಕಾರ ಪೂಜಾರಿಗೆ ಮಾತ್ರ. ದಕ್ಷಿಣೆ ಪೇರಲ ಹಣ್ಣು.

ಇಂದು ಬುಟ್ಟಿಯು ಗಣಿತದ ಪರೀಕ್ಷೆ ಸೋಮವಾರ ಇಲ್ಲವೆಂದು ಅಪ್ಪಣೆ ಕೊಡಿಸಿತು. ಭಕ್ತರು ಸಂತೋಷದಿಂದ ತೆರಳಿದರು. ಪರೀಕ್ಷೆ ಇದೆ.

ಡಿಸೆಂಬರ್ ೮, ಬುಧವಾರ

ಪವಾಡ! ನನ್ನ ಬೆಂಚಿನ ಹಣಮಪ್ಪನ ಎಮ್ಮೆ ಭಾನುವಾರದಿಂದ ಕಾಣೆಯಾಗಿತ್ತು. ನಿನ್ನೆ ಅವನು ಅಳುಮುಖ ಮಾಡಿಕೊಂಡು ಬಂದು, ಎಮ್ಮಿ ಹೊಳಿ ಕಡೆ ಹೋಗೈತೋ ಇಲ್ಲೋ ಕೇಳು ಅಂದ. ಎಲ್ಲ ಎಮ್ಮೆಗಳೂ ಹೊಳೆ ಕಡೆಗೇ ಹೋಗುತ್ತವೆ. ನಾನು ಕಣ್ಣು ಮುಚ್ಚಿ, ಮೂಗಿನಲ್ಲಿ ಏನೋ ಗುಣುಗುಟ್ಟಿ, ಅಂಗೈ ಮೇಲೆ ಮಾಡಿ ಚಿಮ್ಮಿದೆ. ಬಲ. ಸಂಜೆ ಮಲಪ್ರಭೆಯ ದಂಡೆಯಲ್ಲಿ ಎಮ್ಮೆ ಸಿಕ್ಕಿತು. ಇವತ್ತು ಹಣಮಪ್ಪನ ಅವ್ವ ಸಾಲೆಯ ಗೇಟಿಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ಒಂದು ಗಿಂಡಿ ಗಿಣ್ಣ ಕೊಟ್ಟು ಹೋದಳು.

ಗಿಣ್ಣ ಮನೆಗೆ ತಂದೆ. ಅವ್ವನಿಗೆ ಅದು ಬಹಳ ಸೇರುತ್ತದೆ. ಒಂದು ತುತ್ತು ಬಾಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ನುಂಗುವಾಗ ಸೆರಗು ಜಾರಿತು. ಅವಳ ಕುತ್ತಿಗೆಯ ಗಂಟು ನಾನು ಸಣ್ಣವನಿದ್ದಾಗಿನಿಂದಲೂ ಇದೆ, ಅಡಿಕೆಯಷ್ಟು. ನಾನು ಅದನ್ನು ಒತ್ತಿ ಗಂಟೆ ಬಾರಿಸುತ್ತಿದ್ದೆ. ಈಗ ಅದು ಅಡಿಕೆಯಷ್ಟಿಲ್ಲ, ಎಷ್ಟೋ ಪಟ್ಟು ದೊಡ್ಡದಾಗಿದೆ. ನಾನು ನೋಡಿದ್ದನ್ನು ಅವಳು ನೋಡಿ ಸೆರಗು ಎಳೆದುಕೊಂಡಳು.

"ಏನದು, ಹೊಸ ಆಭರಣ ಮಾಡಿಸೀಯೇನ?" ಅಂದೆ.

"ಹೂಂ. ನಿಮ್ಮಪ್ಪ ತಂದಾನ" ಅಂದಳು. ನಕ್ಕಳು. ನಗುವಾಗ ಗಂಟಲಲ್ಲಿ ಸಿಳ್ಳೆಯಂಥ ಸಪ್ಪಳ ಬಂತು.

ಡಿಸೆಂಬರ್ ೧೩, ಸೋಮವಾರ

ಸಾಲೆಗೆ ಹೋಗಲಿಲ್ಲ. ಜ್ವರವೆಂದು ಹೇಳಿಸಿದೆ. ಅಪ್ಪ ಬೆಳಗಾವಿಯ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾನೆ, ಖಾಸಬಾಗದಲ್ಲಿ ಜೊತೆಯವರೊಂದಿಗೆ ಒಂದು ಖೋಲಿಯಲ್ಲಿರುತ್ತಾನೆ, ರವಿವಾರಕ್ಕೊಮ್ಮೆ ಬರುತ್ತಾನೆ. ನಿನ್ನೆ ಬಂದವನು ಅವ್ವನ ಕುತ್ತಿಗೆ ನೋಡಿ, ಹೋಗಿ ಬಸ್ಸಿನ ವೇಳೆ ಕೇಳಿಕೊಂಡು ಬಂದ. ಇವತ್ತು ಮೊದಲ ಬಸ್ಸಿಗೆ ಮೂವರೂ ಬೆಳಗಾವಿಗೆ ಹೋದೆವು.

ದವಾಖಾನೆಯ ದೊಡ್ಡ ಡಾಕ್ಟರು ಅವ್ವನಿಗೆ ನೀರು ಕುಡಿಸಿದರು, ಗಂಟು ಮೇಲೆ ಕೆಳಗೆ ಆಗುವುದನ್ನು ನೋಡಿದರು, ಕೈ ಮೇಲೆತ್ತಿಸಿದರು. ಕೈ ಎತ್ತಿದಾಗ ಅವ್ವನ ಮುಖ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಆ ಬಣ್ಣ ನೋಡಿದ ಮೇಲೆ ಡಾಕ್ಟರು ಹೇಳಿದ್ದರಲ್ಲಿ ನನಗೆ ಅರ್ಧ ಮಾತ್ರ ಕೇಳಿಸಿತು.

"ಗಂಟು ಒಳಗ ಬೆಳದು ಉಸರಿನ ಕೊಳವಿ ಒತ್ತಾಕತ್ತೈತಿ. ತಗೀಬೇಕು. ಬಿಟ್ರ ಒಂದಿನ ಮಲಗಿದಲ್ಲೇ ಉಸರ ನಿಲ್ತದ. ಜನವರಿ ನಾಲ್ಕಕ್ಕ ಬಂದು ಭರ್ತಿ ಆಗ್ರಿ."

"ಆಪರೇಶನ್ ಮಾಡಿದ್ರ ಆರಾಮ ಆಗ್ತಾಳಲ್ರೀ ಸಾಹೇಬ್ರ?" ಅಪ್ಪ ಕೇಳಿದ.

"ಗ್ಯಾರಂಟಿ ನಾ ಹ್ಯಾಂಗ ಕೊಡ್ಲಿ? ಭಾಳ ತಡಾ ಮಾಡೀರಿ. ಧ್ವನಿ ಹೋಗಬಹುದು. ರಕ್ತ ಹೆಚ್ಚು ಹೋಗಬಹುದು. ಆದ್ರ ಬಿಡೂದಂತೂ ಬ್ಯಾಡ."

ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಅವ್ವ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ನಾನು ಖಾನಾಪುರ ಬರುವ ತನಕ ಸಿಳ್ಳೆಯನ್ನು ಕೇಳುತ್ತಾ ಕುಳಿತಿದ್ದೆ. ನಡುವೆ ಒಮ್ಮೆ ಅದು ನಿಂತಿತು. ನಾನು ಅವಳನ್ನು ಅಲುಗಿಸಿಬಿಟ್ಟೆ. "ಏನ ಬಂತೋ ನಿನಗ" ಎಂದು ಬೈದು ಮತ್ತೆ ಮಲಗಿದಳು.

ಡಿಸೆಂಬರ್ ೧೫

ಸಾಲೆ ಬಿಟ್ಟ ಮೇಲೆ ಯಾರೂ ಇಲ್ಲದಾಗ ನಾಲ್ಕನೆಯ ಬುಟ್ಟಿಯ ಮುಂದೆ ನಿಂತೆ. ಪೂಜಾರಿಯು ಸ್ವತಃ ಭಕ್ತನಾಗಿ ಬಂದಿರುವ ಅಪೂರ್ವ ಪ್ರಸಂಗ. ಕೈಚಳಕ ಮಾಡದೆ ಖರೇನೇ ಕೇಳಬೇಕೆಂದಿದ್ದೆ. ಆಗಲಿಲ್ಲ. ಹೇಗೆ ಹಿಡಿದರೂ ಎಲ್ಲಿ ಬೀಳುತ್ತದೆ ಎಂಬುದು ಕೈಗೆ ಮೊದಲೇ ಗೊತ್ತಿರುತ್ತದೆ. ಎಡಗೈಯಿಂದ ಎಸೆದೆ. ಅದು ಮುಳ್ಳಿನ ಬೇಲಿಯೊಳಗೆ ಹೋಯಿತು. ತೆಗೆಯುವಾಗ ಕೈಯೆಲ್ಲ ಕೆರೆಯಿತು.

ಮನೆಗೆ ಓಡಿ ಬಂದೆ. ಅವ್ವ ಒಲೆ ಊದುತ್ತಿದ್ದಳು. ಊದುವುದನ್ನು ನಾನೇ ತೆಗೆದುಕೊಂಡೆ.

ಡಿಸೆಂಬರ್ ೧೯, ರವಿವಾರ

ಇಂದು ನಮ್ಮ ಪಡಸಾಲೆಯಲ್ಲಿ ಅಧಿವೇಶನ. ಆಯಿ ಕಂಬಳಿಯ ಮೇಲೆ, ಅಪ್ಪ ಹೊಸ್ತಿಲ ಹತ್ತಿರ, ಅವ್ವ ಒಳಗೆ ಬಾಗಿಲ ಮರೆಯಲ್ಲಿ, ನಾನು ಆಡಿನ ಮರಿಗೆ ಸೊಪ್ಪು ತಿನ್ನಿಸುವ ನೆಪದಲ್ಲಿ.

ಅಪ್ಪ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಆಯಿ ಎಲ್ಲ ಕೇಳಿ, ಎಲೆ-ಅಡಿಕೆ ಬದಿಗಿಟ್ಟಳು.

"ರಾಯಪ್ಪಾ, ನಾವು ಕುರಿ ಕಾದ ಮಂದಿ. ಕುತ್ತಿಗಿ ಕೊಯ್ಸಿಕೊಂಡ ಕುರಿ ಎದ್ದು ಬಂದದ್ದು ನೀ ಯಾವಾಗರೆ ನೋಡೀಯೇನ?"

ಆ ಮಾತು ಕೇಳಿದಾಗಿನಿಂದ ನನಗೆ ಜಾತ್ರೆಗೆ ಕುರಿ ಕೊಯ್ಯುವ ಅಂಗಳವೇ ಕಣ್ಣ ಮುಂದೆ ಬರುತ್ತಿದೆ. ಅದರ ಕಾಲು ಕೊನೆಗೆ ಒದೆಯುವುದು.

"ದೇವಿ ಹೂಂ ಅಂದ್ರ ನಾನ ಕರ್ಕೊಂಡು ಹೋಗ್ತೀನಿ. ಊಹೂಂ ಅಂದ್ರ ಯಾವ ಡಾಕ್ಟರ್ ಬ್ಯಾಡ, ಔಷಧ ಕುಡದು ಮನ್ಯಾಗ ಇರಲಿ" ಅಂದಳು ಆಯಿ. ಅಪ್ಪ ಒಪ್ಪಿದ. ಒಳಗಿನಿಂದ ಅವ್ವನೂ, "ಅತ್ತಿ ಹೇಳಿದಂಗ ಆಗಲಿ" ಅಂದಳು. ಅವಳ ದನಿಯಲ್ಲಿ ನನಗಿಂತ ಹೆಚ್ಚು ಅಂಜಿಕೆಯಿತ್ತು.

ಆದರೆ ದೇವಿಯ ಪೂಜಾರಿಯ ಮನೆಯಲ್ಲಿ ಮುದುಕ ತೀರಿಕೊಂಡು ಸೂತಕ ಬಂದಿದೆ. ಅವರ ಪದ್ಧತಿಯಲ್ಲಿ ಅದು ಒಂದು ತಿಂಗಳು, ಮುಗಿಯುವವರೆಗೆ ಗುಡಿಯಲ್ಲಿ ಕೌಲಿಲ್ಲ. ಮುಗಿಯುವಷ್ಟರಲ್ಲಿ ಡಾಕ್ಟರು ಕೊಟ್ಟ ತಾರೀಖು ದಾಟಿಹೋಗುತ್ತದೆ. ಅಪ್ಪ ತಲೆ ಕೆರೆದುಕೊಂಡ. ಆಯಿ ನನ್ನ ಕಡೆ ತಿರುಗಿದಳು.

"ಹಣಮಪ್ಪನ ಎಮ್ಮಿ ಎಲ್ಲೈತಂತ ಹೇಳಿದ ಬುಟ್ಟಿ ಎಲ್ಲೈತೋ?"

ಆಡಿನ ಮರಿ ಸೊಪ್ಪಿನ ಜೊತೆ ನನ್ನ ಬೆರಳನ್ನೂ ಕಚ್ಚಿತು.

ಡಿಸೆಂಬರ್ ೨೧

ಆಯಿಗೆ ಎಲ್ಲ ಹೇಳಿದೆ. ಬುಟ್ಟಿ ಬಿದಿರಿನದು, ಸಂತೆಯಲ್ಲಿ ತಂದದ್ದು. ಚಕ್ರ ಪ್ಲಾಸ್ಟಿಕ್ಕಿನದು. ಕೈ ಹೀಗೆ ಮಾಡಿದರೆ ಎಡ, ಹಾಗೆ ಮಾಡಿದರೆ ಬಲ. ಅಂಗಳದಲ್ಲಿ ಡಬ್ಬಿಯ ಮುಚ್ಚಳ ಎಸೆದು ತೋರಿಸಿಯೂ ಕೊಟ್ಟೆ. ಅದು ಹಗುರವಾದದ್ದು, ಗಾಳಿಗೆ ಎತ್ತಲೋ ಹೋಗಿ ಕೋಳಿಯ ಮೇಲೆ ಬಿತ್ತು.

"ನೋಡಿದಿ? ನೀ ಅಂದಂಗ ಎಲ್ಲಿ ಆತು?" ಅಂದಳು ಆಯಿ. "ಹುಡುಗಾಟಕ್ಕ ಒಗದ್ರೂ ಹೇಳಸಾಕಿ ಆಕಿ, ದೇವಿ. ಎಮ್ಮಿ ಹೊಳಿ ದಂಡಿಗೆ ಐತಂತ ನಿನ್ನ ಕೈಗೆ ಹ್ಯಾಂಗ ಗೊತ್ತಾತು?"

"ಎಮ್ಮಿ ಎಲ್ಲಾ ಹೊಳಿಗೇ ಹೋಗ್ತಾವ ಆಯಿ!"

"ಹಂಗಾರ ಅವರ ಮನ್ಯಾವ್ರಿಗೆ ಯಾಕ ಗೊತ್ತಾಗಲಿಲ್ಲ?" ಎಂದು ಕೇಳಿ, ದೇವರ ವಿಷಯದಲ್ಲಿ ಇನ್ನೊಮ್ಮೆ ಬಾಯಿ ಬಿಟ್ಟರೆ ಹಲ್ಲು ಉದುರಿಸುತ್ತೇನೆ ಎಂದಳು.

ಜೀವನದಲ್ಲಿ ಮೊದಲ ಸಲ ಖರೇ ಹೇಳಿದೆ. ಯಾರೂ ನಂಬಲಿಲ್ಲ. ಇದನ್ನು ನಗೆಯಾಡುವಂತೆ ಬರೆಯಬೇಕೆಂದು ಕುಳಿತಿದ್ದೆ.

ಡಿಸೆಂಬರ್ ೨೪, ಶುಕ್ರವಾರ

ಅವ್ವ ಈಗ ಮಲಗುವುದಿಲ್ಲ. ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಕುಳಿತೇ ಕಣ್ಣು ಮುಚ್ಚುತ್ತಾಳೆ. ಮುಂಜಾನೆ ಎದ್ದ ಕೂಡಲೇ ನಾನು ಮೊದಲು ಆ ಚೀಲದ ಕಡೆ ನೋಡುತ್ತೇನೆ. ಹಣಮಪ್ಪ ಇವತ್ತು ಸಾಲೆಯಲ್ಲಿ ಕೇಳಿದ:

"ಯಾಕಲೇ ಪೂಜಾರಿ, ಮಾರಿ ಸಪ್ಪಗ? ದೇವ್ರ ಮುನದೈತೇನ?"

"ದೇವರು ಸೂಟಿಯ ಮೇಲಿದ್ದಾರೆ. ಭಕ್ತರು ಸಹಕರಿಸಬೇಕು" ಅಂದೆ. ಅವನು ನಗುತ್ತಾ ಹೋದ. ನಾನು ಪಾಯಖಾನೆಯ ಹಿಂದೆ ಹೋಗಿ ನಿಂತಿದ್ದೆ.

ಡಿಸೆಂಬರ್ ೨೫

ದುಂಡಪ್ಪ ಮಾಸ್ತರರ ಮನೆಗೆ ಹೋಗಿ ಚಕ್ರ ಕೇಳಿದೆ. ಅಭ್ಯಾಸಕ್ಕೆ ಎಂದೆ. ಕೊಟ್ಟರು.

"ಸರ್, ಎಡಕ್ಕೂ ಬ್ಯಾಡ, ಬಲಕ್ಕೂ ಬ್ಯಾಡ ಅಂದ್ರ ಹ್ಯಾಂಗ ಒಗೀಬೇಕ್ರೀ?"

"ಹತ್ರ ಹೋಗಿ ಮೆತ್ತಗ ಒಗಿ. ದೂರದಿಂದ ಒಗದಿ ಅಂದ್ರ ಎಲ್ಲಾರೆ ಒಂದ ಕಡೆ ವಾಲೇ ವಾಲತೈತಿ. ಯಾಕೋ, ಚಕ್ರಾನ ಎದಿಗೆ ಅಪ್ಪಿಕೊಂಡು ನಿಂತೀಯಲ್ಲ, ಜ್ವರ ಹೋಗಿಲ್ಲೇನ?"

"ಥಂಡಿ ಸರ್."

ಥಂಡಿ ಇತ್ತು, ಅದೂ ಖರೇ.

ಲೆಕ್ಕ ಹಾಕಿದೆ. ಎಡಕ್ಕೆ ಎಸೆದರೆ ಅವಳು ಮನೆಯಲ್ಲಿರುತ್ತಾಳೆ. ಒಂದು ಮುಂಜಾನೆ ನಾನು ಎದ್ದು ಚೀಲದ ಕಡೆ ನೋಡುತ್ತೇನೆ. ಬಲಕ್ಕೆ ಎಸೆದರೆ ಮೇಜಿನ ಮೇಲೆ ಮಲಗಿಸುತ್ತಾರೆ, ಕುತ್ತಿಗೆ ಕೊಯ್ಯುತ್ತಾರೆ. ಎರಡರಲ್ಲಿ ಯಾವುದಾದರೂ ಎಸೆದವನು ನಾನು. ದೇವಿಗೆ ಇಂಥ ಪ್ರಶ್ನೆ ಕೇಳಿದಾಗ ಅವಳೂ ಹೀಗೆ ಲೆಕ್ಕ ಹಾಕುತ್ತಾ ಕೂರುತ್ತಾಳೋ ಏನೋ.

ಡಿಸೆಂಬರ್ ೨೬, ರವಿವಾರ

ಬರೆಯಲೇಬೇಕು, ಇಲ್ಲದಿದ್ದರೆ ತಲೆಯೊಳಗೇ ತಿರುಗುತ್ತದೆ.

ಸೂಟಿಯಾದ್ದರಿಂದ ಸಾಲೆಯಲ್ಲಿ ಯಾರೂ ಇರಲಿಲ್ಲ. ಆಯಿ ಹೊಸ ಸೀರೆ ಉಟ್ಟಿದ್ದಳು. ಬೇಲಿಯ ಹತ್ತಿರವೇ ಎಲ್ಲರಿಗೂ ಚಪ್ಪಲಿ ಬಿಡಿಸಿದಳು. ನಾನು ನಿತ್ಯ ಉಗುಳುವ ಬಯಲಿನಲ್ಲಿ ಅಪ್ಪ ಬರಿಗಾಲಲ್ಲಿ, ಕೈಮುಗಿದುಕೊಂಡು ನಡೆಯುತ್ತಿದ್ದ. ಆಯಿ ನಾಲ್ಕನೆಯ ಬುಟ್ಟಿಯ ಕಂಬಕ್ಕೆ ನೀರು ಹಾಕಿ ತೊಳೆದಳು, ಭಂಡಾರದ ಅರಿಸಿನ ಹಚ್ಚಿದಳು, ಕಾಯಿ ಒಡೆದಳು. ಸೈಕಲ್ ಚೈನಿಗೆ ಕುಂಕುಮ ಇಟ್ಟಳು. ಇನ್ನೊಂದು ದಿನವಾಗಿದ್ದರೆ ನಾನು ನಗುವನ್ನು ತಡೆಯಲಾರದೆ ಸಾಯುತ್ತಿದ್ದೆ.

ಅವ್ವ ಮಾವಿನ ಮರದ ಬೇರಿನ ಮೇಲೆ ಕುಳಿತಿದ್ದಳು. ಮನೆಯಿಂದ ಅಲ್ಲಿಯವರೆಗೆ ನಡೆಯುವಷ್ಟರಲ್ಲಿ ಮೂರು ಕಡೆ ಕುಳಿತು ಬಂದಿದ್ದಳು.

"ತಾಯೀ, ನಿನ್ನ ಗುಡಿ ಬಾಗಲಾ ಹಾಕೈತಿ ಅಂತ ಇಲ್ಲಿ ಬಂದೇವು" ಆಯಿ ಬುಟ್ಟಿಗೆ ಹೇಳಿದಳು. "ನನ್ನ ಸೊಸಿ ಭರಮವ್ವನ್ನ ಡಾಕ್ಟರ ಕೈಗೆ ಕೊಡ್ಲೋ ಬ್ಯಾಡೋ? ಕೊಡು ಅಂದ್ರ ಬಲಕ್ಕ ಬೀಳು. ಬ್ಯಾಡ ಅಂದ್ರ ಎಡಕ್ಕ ಬೀಳು. ಒಗಿಯೋ ಸಿದರಾಯಾ."

ನಾನು ಗೆರೆಯ ಮೇಲೆ ನಿಂತೆ. ಇನ್ನೂ ಏನೂ ನಿರ್ಧರಿಸಿರಲಿಲ್ಲ. ಬೆವರಿಗೆ ಚಕ್ರ ಕೈಯಿಂದ ಜಾರುತ್ತಿತ್ತು. ಅಂಗಿಗೆ ಒರೆಸಿ ಎದೆಯ ಮುಂದೆ ಹಿಡಿದೆ. ಹಾಗೆ ಎಸೆದರೆ ಎಡ. ಎಡವೇ ಆಗಲಿ ಅನ್ನಿಸಿತು. ಎಡ ಎಂದರೆ ಇವತ್ತು ಎಲ್ಲರೂ ಕೂಡಿ ಮನೆಗೆ ಹೋಗುತ್ತೇವೆ, ಅವ್ವ ಅಡುಗೆ ಮಾಡುತ್ತಾಳೆ, ನಾಳೆಯೂ ಮಾಡುತ್ತಾಳೆ. ಯಾರೂ ಯಾರನ್ನೂ ಕೊಯ್ಯುವುದಿಲ್ಲ.

ಆಯಿ ಕಣ್ಣು ಮುಚ್ಚಿದ್ದಳು. ಅಪ್ಪನೂ ಮುಚ್ಚಿದ್ದ. ಗಾಳಿ ಇರಲಿಲ್ಲ. ಬಯಲೆಲ್ಲ ಸುಮ್ಮನಾದಾಗ ಮರದ ಬುಡದಿಂದ ಆ ಸಿಳ್ಳೆ ಕೇಳಿಸಿತು. ಒಳಗೆ ಎಳೆದುಕೊಳ್ಳುವಾಗ ಒಮ್ಮೆ. ನಡುವೆ ಏನೂ ಇಲ್ಲ. ಮತ್ತೊಮ್ಮೆ. ಅಷ್ಟು ದೂರಕ್ಕೆ ಕೇಳಿಸುವಷ್ಟಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಒಲೆ, ಆಡು, ಆಯಿಯ ಕೆಮ್ಮು ಎಲ್ಲದರ ನಡುವೆ ಅದು ಮುಚ್ಚಿಹೋಗುತ್ತಿತ್ತು.

ಚಕ್ರವನ್ನು ಬಾಜುವಿಗೆ ತಂದು ಅಂಗೈ ಮೇಲೆ ಮಾಡಿ ಚಿಮ್ಮಿದೆ.

ಅದು ನೆಟ್ಟಗೆ ಹೋಯಿತು. ಎಷ್ಟೋ ಹೊತ್ತು ವಾಲಲೇ ಇಲ್ಲ. ಆಮೇಲೆ ಬುಟ್ಟಿಯ ಬಲಕ್ಕೆ, ಕಾಯಿಯ ನೀರು ಚೆಲ್ಲಿದ್ದರ ಆಚೆ, ಮೆತ್ತಗೆ ಇಳಿಯಿತು. ಆಯಿ ಕಣ್ಣು ಬಿಟ್ಟು "ಆತು! ಕೊಡು ಅಂದ್ಳು ತಾಯಿ!" ಎಂದು ಕೂಗಿ ಅಳಲಾರಂಭಿಸಿದಳು. ಅಪ್ಪ ನೆಲಕ್ಕೆ ಹಣೆ ಹಚ್ಚಿದ. ನಾನು ಬೇಲಿಯ ಹತ್ತಿರ ಹೋಗಿ, ಎಲ್ಲರ ಚಪ್ಪಲಿಗಳನ್ನು ಜೋಡಿಸಿ ಇಟ್ಟೆ.

ಡಿಸೆಂಬರ್ ೨೭

ಆಯಿ ಆಡು ಬಿಡಲು ಹೋಗಿದ್ದಳು. ಅವ್ವ ಕರೆದಳು.

"ನಿನ್ನೆ ಮದ್ಲ ಎದಿ ಮುಂದ ಹಿಡದಿದ್ದಿ. ಆಮ್ಯಾಲ ಕೈ ಬದಲ ಮಾಡಿದಿ."

ಅವಳು ಕಣ್ಣು ಮುಚ್ಚಿರಲಿಲ್ಲ. ನಾನು ಅಂಗಳದಲ್ಲಿ ಮುಚ್ಚಳ ಎಸೆದು ಆಯಿಗೆ ತಿಳಿಸುತ್ತಿದ್ದದ್ದನ್ನೂ ಒಳಗಿನಿಂದ ನೋಡಿದ್ದಳು.

"ಯಾಕ ಬದಲ ಮಾಡಿದಿ?"

"ನಿನ್ನ ಉಸರ ಕೇಳಸ್ತು."

ಬೈಯುತ್ತಾಳೆ, ಇಲ್ಲವೇ ಆಯಿಗೆ ಹೇಳಿ ಎಲ್ಲ ನಿಲ್ಲಿಸುತ್ತಾಳೆ ಎಂದುಕೊಂಡೆ. ನಿಲ್ಲಿಸಲಿ ಎಂದೂ ಒಳಗೆ ಅನ್ನಿಸುತ್ತಿತ್ತು.

"ಹಂಗಾರ ಹೋಗೂಣು" ಅಂದಳು. "ದೇವಿ ಹೇಳಿದ್ದಂದ್ರ ನನಗ ಅಂಜಿಕಿ ಇತ್ತು. ಆಕಿ ಮನಸಿನ್ಯಾಗ ಏನೈತೋ ಯಾರಿಗ್ಗೊತ್ತು. ನಿಂದು ನನಗ ಗೊತ್ತೈತಿ."

"ಏನರೆ ಆದ್ರ, ಅವ್ವಾ?"

"ಆದ್ರ ಆತು. ನೀ ಒಗದದ್ದು ತಪ್ಪಲ್ಲ. ಮುದುಕಿ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು."

ಅವಳು ಧೈರ್ಯ ಹೇಳಿದಳು. ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಗಿದೆ. ದೇವಿಯ ಹೆಗಲ ಮೇಲಾದರೂ ಸ್ವಲ್ಪ ಹೊರೆ ಇದ್ದೀತೆಂದಿದ್ದೆ. ಈಗ ಅಲ್ಲಿಯೂ ಯಾರೂ ಇಲ್ಲ.

೧೯೮೩ ಜನವರಿ ೪, ಮಂಗಳವಾರ. ಬೆಳಗಾವಿ

ಭರ್ತಿ ಮಾಡಿದೆವು. ಆಯಿಯೂ ಬಂದಿದ್ದಾಳೆ, ಸೆರಗಿನ ಗಂಟಿನಲ್ಲಿ ಭಂಡಾರ ಕಟ್ಟಿಕೊಂಡು. ಆಪರೇಶನ್ ಖೋಲಿಯ ಬಾಗಿಲಿಗೆ ಅದನ್ನು ಹಚ್ಚಿ, ಕಾಂತಾ ಸಿಸ್ಟರ ಕೈಗೆ ಸಿಕ್ಕಿಬಿದ್ದಳು.

"ಅಜ್ಜೀ, ಇದೇನ ಗುಡಿ ಅಂತ ತಿಳದೀರೇನು? ಒರಸ್ರಿ ಮದ್ಲ!"

"ನೀ ಒರಸು. ನನ್ನ ಕೈಲೆ ಹಚ್ಚೀನಿ, ನನ್ನ ಕೈಲೆ ಒರಸಂಗಿಲ್ಲ" ಅಂದಳು ಆಯಿ. ಕೊನೆಗೆ ನಾನೇ ಒರೆಸಿದೆ. ಒಂದು ಮೂಲೆಯಲ್ಲಿ ಸ್ವಲ್ಪ ಬಿಟ್ಟೆ. ಯಾಕೆಂದು ಗೊತ್ತಿಲ್ಲ.

ನಾನು, ಅಪ್ಪ ಖಾಸಬಾಗದ ಖೋಲಿಗೆ ಬಂದಿದ್ದೇವೆ. ಅಪ್ಪ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ. ಇಬ್ಬರೂ ತಿಂದೆವು.

ಜನವರಿ ೬

ಒಳಗೆ ಕರೆದುಕೊಂಡು ಹೋಗಿದ್ದಾರೆ. ಚಕ್ರದ ಗಾಡಿಯ ಮೇಲೆ ಮಲಗಿಸಿದಾಗ ಅವ್ವನಿಗೆ ಉಸಿರು ಸಿಗಲಿಲ್ಲ, ಕೈಕಾಲು ಬಡಿದಳು. ಸಿಸ್ಟರು ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿದರು. ಕಾಲು ಒದೆಯುವುದನ್ನು ನಾನು ನೋಡಿದೆ.

ಹೊರಗಿನ ಬೆಂಚಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೆನ್ನು ಇಟ್ಟ ಕೂಡಲೇ ಬಲಗೈ ತಾನೇ ಅಂಗಾತಾಗುತ್ತದೆ, ಬೋರಲಾಗುತ್ತದೆ, ಅಂಗಾತಾಗುತ್ತದೆ. ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದೆ. ಜೋಮು ಹಿಡಿಯಿತು. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಏನೂ ಇಲ್ಲ. ಬಾಗಿಲು ತೆರೆಯಿತು. ಬೇರೆ ಯಾರೋ. ಬಾಗಿಲು

ಜನವರಿ ೭

ಇದ್ದಾಳೆ.

ಜನವರಿ ೮

ಗಂಟು ಬದನೆಕಾಯಿಯಷ್ಟಿತ್ತಂತೆ. ಅಪ್ಪ ನೋಡಿದ, ನಾನು ನೋಡಲಿಲ್ಲ. ಅದರೊಳಗೆ ಕೆಟ್ಟ ರೋಗವಿದೆಯೋ ಎಂದು ತಿಳಿಯಲು ಹುಬ್ಬಳ್ಳಿಗೆ ಕಳಿಸಿದ್ದಾರೆ. ಉತ್ತರ ಬರುವುದು ಮುಂದಿನ ವಾರ.

ಅವ್ವನಿಗೆ ದನಿ ಇಲ್ಲ. ಬಾಯಿ ಅಲ್ಲಾಡುತ್ತದೆ, ಗಾಳಿಯೂ ಬರುವುದಿಲ್ಲ. ಬರಬಹುದು, ಬರದಿರಬಹುದು ಎಂದರು ಡಾಕ್ಟರು. ಆದರೆ ಮಲಗಿದ್ದಾಳೆ. ಚಪ್ಪಟೆಯಾಗಿ, ಒಂದೇ ದಿಂಬಿನ ಮೇಲೆ. ನಾನು ಕಿವಿ ಹತ್ತಿರ ಒಯ್ದು ಕೇಳಿದೆ. ಏನೂ ಸಪ್ಪಳವಿಲ್ಲ. ಹೆದರಿ ಮೂಗಿನ ಮುಂದೆ ಬೆರಳಿಟ್ಟೆ. ಬೆಚ್ಚಗಿತ್ತು. ಸಪ್ಪಳವಿಲ್ಲದ ಉಸಿರು ಹೇಗಿರುತ್ತದೆಂದು ಮರೆತೇಹೋಗಿತ್ತು.

ಜನವರಿ ೧೨, ಬುಧವಾರ

ಅವ್ವ ತುಟಿಯಲ್ಲಿ ಆಡುವುದನ್ನು ತಿಳಿಯಬಲ್ಲವನು ಈ ದವಾಖಾನೆಯಲ್ಲಿ ನಾನೊಬ್ಬನೇ. ಆದ್ದರಿಂದ ನನ್ನನ್ನು ದುಭಾಷಿಯಾಗಿ ನೇಮಿಸಲಾಗಿದೆ. ಅವ್ವ 'ಚಾ' ಎನ್ನುತ್ತಾಳೆ. "ಮಹಾರಾಣಿಯವರು ಚಹಾಪಾನ ಮಾಡಲು ಇಚ್ಛಿಸಿದ್ದಾರೆ" ಎಂದು ನಾನು ಸಾರುತ್ತೇನೆ. ಅವಳು ಇನ್ನೂ ಏನೋ ಎನ್ನುತ್ತಾಳೆ. ಅದು ನನಗೆ ಕೊಟ್ಟ ಬೈಗುಳ, ಅದನ್ನು ಅನುವಾದಿಸುವುದಿಲ್ಲ.

ಹುಬ್ಬಳ್ಳಿಯಿಂದ ಉತ್ತರ ಬಂದಿಲ್ಲ. ಇವತ್ತು ಆಯಿ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು:

"ನೀ ಒಂದಿನ ಊರಿಗೆ ಹೋಗಿ ಬಾರೋ. ಕೆಟ್ಟ ರೋಗ ಹೌದೋ ಅಲ್ಲೋ, ದನಿ ಬರತೈತೋ ಇಲ್ಲೋ, ಬುಟ್ಟಿಗೆ ಕೇಳು. ನನಗ ಜೀವ ತಡಿಯವಲ್ದು."

"ಬುಟ್ಟಿಗೆ ಸೂತಕ ಆಯಿ. ಕೌಲು ಇಲ್ಲ."

"ಯಾರು ಸತ್ತಾರೋ?"

"ಪೂಜಾರಿ."

ಆಯಿ ನನ್ನ ಮುಖವನ್ನೇ ನೋಡಿದಳು. ಹಲ್ಲು ಉದುರಿಸುತ್ತಾಳೆಂದು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಬೆಂಚಿನ ಮೇಲೆ ಕುಳಿತು, ಪಕ್ಕದಲ್ಲಿ ಕೈತಟ್ಟಿ ನನಗೂ ಜಾಗ ತೋರಿಸಿದಳು. "ಮತ್ತ ಏನ ಮಾಡೂದು ಈಗ?" ಅಂದಳು. "ಗೊತ್ತಿಲ್ಲ, ಕಾಯೂಣು" ಅಂದೆ. ಸಂಜೆಯವರೆಗೆ ಇಬ್ಬರೂ ಅಲ್ಲೇ ಕುಳಿತಿದ್ದೆವು. ಬಾಗಿಲು ಸಪ್ಪಳವಾದಾಗಲೆಲ್ಲ ಅವಳು ನನಗಿಂತ ಮೊದಲು ಎದ್ದು ನಿಲ್ಲುತ್ತಿದ್ದಳು. ಅವಳಿಗೂ ಅಂಜಿಕೆಯಿದೆ ಎಂದು ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಜನವರಿ ೧೫

ಕೆಟ್ಟ ರೋಗವಲ್ಲ. ಅಪ್ಪ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಬೀಡಿ ಹಚ್ಚಲು ಹೋದ. ಕಡ್ಡಿ ಎಷ್ಟು ಗೀರಿದರೂ ಹತ್ತಲಿಲ್ಲ. ನಾನು ಹಚ್ಚಿಕೊಟ್ಟೆ. ನಾನು ಕಡ್ಡಿ ಗೀರುವುದನ್ನು ಎಲ್ಲಿ ಕಲಿತೆನೆಂದು ಅವನು ಕೇಳಲಿಲ್ಲ.

ಜನವರಿ ೩೦, ರವಿವಾರ. ಖಾನಾಪುರ

ಅವ್ವ ಮನೆಗೆ ಬಂದು ವಾರವಾಯಿತು. ದನಿ ಸ್ವಲ್ಪ ಬಂದಿದೆ, ಒಣ ಎಲೆಯ ಮೇಲೆ ನಡೆದಂತೆ. ಇಷ್ಟೇ ಉಳಿಯುತ್ತದೋ ಹೆಚ್ಚಾಗುತ್ತದೋ ಯಾರಿಗೂ ಗೊತ್ತಿಲ್ಲ. ಆಡುಗಳು ಅವಳ ಕರೆಗೆ ಬರುವುದಿಲ್ಲ. ಅವಳ ಬದಲು ನಾನು ಕೂಗುತ್ತೇನೆ.

ಇವತ್ತು ಸಂಜೆ ಅವಳೇ ಸಾಲೆಯ ಬಯಲಿಗೆ ಹೋಗೋಣ ಅಂದಳು. ಕುಳಿತುಕೊಳ್ಳದೆ ನಡೆದಳು. ಅಲ್ಲಿ ದುಂಡಪ್ಪ ಮಾಸ್ತರರು ಸಣ್ಣ ಹುಡುಗರಿಗೆ ಆಡಿಸುತ್ತಿದ್ದರು. ಅವ್ವನನ್ನು ನೋಡಿ, "ಬರ್ರಿ ತಂಗಿ, ಕುಂದರ್ರಿ" ಅಂದರು. ಅವಳು ಕೂರಲಿಲ್ಲ. ಕುತ್ತಿಗೆಯ ಗಾಯ ಕಾಣದಂತೆ ಸೆರಗು ಹೊದ್ದು, ಮೊದಲನೆಯ ಗೆರೆಯ ಮೇಲೆ ನಿಂತು, ಕೈ ಚಾಚಿದಳು.

ಚಕ್ರ ಕೊಟ್ಟೆ. ಅವಳು ಅದನ್ನು ರೊಟ್ಟಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಎಸೆದಳು. ನಾಲ್ಕು ಹೆಜ್ಜೆ ಆಚೆ ಬಿತ್ತು. ಹುಡುಗರು ನಕ್ಕರು. ಅವ್ವನೂ ನಕ್ಕಳು, ಭುಜ ಅಲ್ಲಾಡಿತು, ಸಪ್ಪಳ ಬರಲಿಲ್ಲ.

ಓಡಿಹೋಗಿ ಎತ್ತಿಕೊಟ್ಟೆ. "ಏನ ಕೇಳಿದಿ ಅವ್ವಾ?"

"ಏನಿಲ್ಲ" ಅಂದಳು, ಕಿವಿ ಹತ್ತಿರ ಒಯ್ದರೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. "ಸುಮ್ನ ಒಗದ್ನಿ."

ಬಿದ್ದಲ್ಲಿಂದ ಮತ್ತೆ ಎಸೆದಳು. ಮತ್ತೆ. ಬುಟ್ಟಿಯ ಹತ್ತಿರ ಬಂದಾಗ ಮಾಸ್ತರರು ಮೆತ್ತಗೆ ಬಿಡಲು ಹೇಳಿದರು, ಅವಳು ಕೇಳದೆ ಜೋರಾಗಿ ಬೀಸಿದಳು, ಅದು ಬುಟ್ಟಿ ದಾಟಿ ಹೋಯಿತು. ಒಂದು ಸಲ ಎಡಕ್ಕೆ ಬಿತ್ತು, ಒಂದು ಸಲ ಎಲ್ಲಿಯೋ. ಕೊನೆಗೆ ಚೈನಿಗೆ ಬಡಿದು ಬುಟ್ಟಿಯೊಳಗೆ ಬಿದ್ದಾಗ ಆ ಸಣ್ಣ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಮನೆಗೆ ಹೋಗೋಣವೇ ಎಂದು ಕೇಳಿದೆ. ಅವಳು ಎರಡನೆಯ ಬುಟ್ಟಿಯ ಕಡೆ ಬೆರಳು ತೋರಿಸಿ ಮುಂದೆ ನಡೆದಳು.